ಗಾಲ್ಫ್ ಮೈದಾನದ 9ನೇ ಹೋಲ್ ಹಿಂದಿನ ಕೆರೆ: ಈ ಸಲವಾದರೂ ಯಾರಾದರೂ ಬಾಯಿ ಬಿಡುತ್ತೀರಾ?
(ಫ್ಲೋರಿಡಾದ ಸರಸೋಟದ ಒಂದು ಬಡಾವಣೆಯ ಗುಂಪು ಚಾಟ್)

ಮನೆ 41 · ಬೆಳಿಗ್ಗೆ 5:12
ಸಾಕಾಯಿತು ನನಗೆ. ರಾತ್ರಿಯಿಡೀ ನಿದ್ದೆ ಇಲ್ಲ. ಲನಾಯ್ (ಹಿಂದಿನ ಜಾಲರಿ ವರಾಂಡ) ಬಾಗಿಲು ಮುಚ್ಚಿ ಎಸಿ ಹಾಕಿದ್ದೇನೆ, ಆದರೂ ಕೊಳೆತ ಮೀನಿನ ನಾತ ಮಲಗುವ ಕೋಣೆಗೆ ಬಂದಿದೆ. ಊರಿಂದ ಬಂದಿರುವ ಅತ್ತೆ ವಾಂತಿ ಮಾಡಿಕೊಂಡರು. ಟಾರ್ಚ್ ಹಿಡಿದು ಹೋಗಿ ನೋಡಿದರೆ ದಡದುದ್ದಕ್ಕೂ ಬೆಳ್ಳಗೆ ತಿಲಾಪಿಯಾ ಮೀನು ತೇಲುತ್ತಿವೆ. ಹೋದ ಆಗಸ್ಟ್‌ನಲ್ಲೂ ಹೀಗೇ ಆಯಿತು. ಆಗ ಎಲ್ಲರೂ "ಅಸೋಸಿಯೇಷನ್ ಬೋರ್ಡಿಗೆ ಬರೆಯೋಣ" ಅಂದಿರಿ. ಬರೆದವರು ಯಾರು? ಅಸೋಸಿಯೇಷನ್ ಫೀಸ್ ಕಟ್ಟುವುದು ಈ ವಾಸನೆ ಕುಡಿಯೋಕಾ? ಇವತ್ತು ಇದಕ್ಕೊಂದು ಗತಿ ಕಾಣಿಸಲೇಬೇಕು.

ಮನೆ 18 · 5:40
ನಮ್ಮ ಕಡೆಗೂ ಬಂದಿದೆ. ನಾನು ಸಿಂಕ್ ಕಟ್ಟಿಕೊಂಡಿದೆ ಅಂದುಕೊಂಡು ಯಜಮಾನರನ್ನು ಎಬ್ಬಿಸಿ ಪೈಪ್ ಬಿಚ್ಚಿಸಿದೆ. ಈಗ ಪೈಪೂ ಸೋರುತ್ತಿದೆ.

ಮನೆ 3 · 5:58
ಶುಭೋದಯ. ಇಂದಿನ ದಿನ ನಿಮ್ಮ ಬಾಳಿನಲ್ಲಿ ಸುಗಂಧ ತರಲಿ. [ಚಿತ್ರ: ಗುಲಾಬಿ]

ಮನೆ 41 · 5:59
ಅಂಕಲ್, ದಯವಿಟ್ಟು.

ಮನೆ 7 · 6:02
ನಾನು ಹೋದ ವರ್ಷವೇ ಹೇಳಿದ್ದೆ, ಯಾರೂ ಕೇಳಲಿಲ್ಲ. ಇದಕ್ಕೆಲ್ಲ ಕಾರಣ ಗಾಲ್ಫ್ ಕ್ಲಬ್. ಹದಿನೆಂಟು ಹೋಲ್ ಹಸಿರಾಗಿರಬೇಕು ಅಂತ ಸುರಿಯುವ ಗೊಬ್ಬರ ಎಲ್ಲಿಗೆ ಹೋಗುತ್ತದೆ? ನಮ್ಮ ಹಿತ್ತಲಿಗೆ. ನಾವು ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಲಾನಿಗೆ ಒಂದು ಹಿಡಿ ಸಾರಜನಕ ಹಾಕುವ ಹಾಗಿಲ್ಲ, ರಂಜಕ ಹಾಕುವ ಹಾಗಿಲ್ಲ. 2007ರಿಂದ ಸರಸೋಟ ಕೌಂಟಿಯಲ್ಲಿ ಈ ಕಾನೂನು ಇದೆ. ಅವರಿಗೆ ಮಾತ್ರ ವಿನಾಯಿತಿ. ಬಡವನಿಗೊಂದು ನ್ಯಾಯ, ಬಲ್ಲಿದನಿಗೊಂದು ನ್ಯಾಯ. ಗಾಲ್ಫ್ ಆಡುವವರು ಈ ಗುಂಪಿನಲ್ಲೂ ಇದ್ದಾರೆ. ಅವರೇ ಉತ್ತರ ಕೊಡಲಿ.

ಮನೆ 60 · 6:04
ಈ ಬೀದಿಯಲ್ಲಿ ಬಡವ ಯಾರು ಸರ್?

ಮನೆ 26 · 6:15
ನೇರವಾಗಿಯೇ ಬೈಯಿರಿ ಸರ್, ಇಲ್ಲಿ ಆಡುವವನು ನಾನೊಬ್ಬನೇ. ವಿನಾಯಿತಿ ಅಂದರೆ ಮನಸ್ಸಿಗೆ ಬಂದ ಹಾಗೆ ಸುರಿಯಬಹುದು ಅಂತಲ್ಲ. ಗಾಲ್ಫ್ ಮೈದಾನಕ್ಕೆ ರಾಜ್ಯದ ಪರಿಸರ ಇಲಾಖೆಯದೇ ಬೇರೆ ಕೈಪಿಡಿ ಇದೆ. ಇನ್ನು ನೀರು. ಕೋರ್ಸಿಗೆ ಒಂದು ಹನಿ ಕುಡಿಯುವ ನೀರು ಹೋಗುವುದಿಲ್ಲ. ನೇರಳೆ ಪೈಪ್ ನೋಡಿಲ್ಲವೇ? ಶುದ್ಧ ಮಾಡಿದ ಚರಂಡಿ ನೀರು. ಗೇಟ್ ಹತ್ತಿರ ಆಡುಬಾನ್ ಸಂಸ್ಥೆಯ ಬೋರ್ಡ್ ಸುಮ್ನೆ ನೇತುಹಾಕಿಲ್ಲ.

ಮನೆ 7 · 6:19
ಹಕ್ಕಿ ನೋಡುವವರ ಸಂಘಕ್ಕೂ ಗೊಬ್ಬರಕ್ಕೂ ಏನು ಸಂಬಂಧ?

ಮನೆ 26 · 6:24
ಅದು ಬೇರೆ ಆಡುಬಾನ್ ಸರ್. ಆಡುಬಾನ್ ಇಂಟರ್‌ನ್ಯಾಷನಲ್. 1991ರಿಂದ ಗಾಲ್ಫ್ ಮೈದಾನಗಳಿಗೇ ಅಂತ ಅವರದೊಂದು ಕಾರ್ಯಕ್ರಮ ಇದೆ. ರಾಸಾಯನಿಕ ಕಡಿಮೆ ಮಾಡುವುದು, ನೀರು ಉಳಿಸುವುದು, ಪ್ರಾಣಿಗಳಿಗೆ ಜಾಗ ಬಿಡುವುದು, ಇವೆಲ್ಲ ಅದರಲ್ಲಿ ಬರುತ್ತವೆ. ಜುಲೈನಲ್ಲಿ ನಿಮ್ಮ ಮನೆ ಮುಂದೆ ಲಾನ್ ಲಾರಿ ನಿಂತಿತ್ತಲ್ಲ, ಅದಕ್ಕೆ ಯಾವ ಬೋರ್ಡ್ ಇತ್ತು?

ಮನೆ 7 · 6:26
ಅದು ಕಬ್ಬಿಣ!! ಕಬ್ಬಿಣ ಹಾಕಬಹುದು. ಹುಲ್ಲು ಹಸಿರಾಗುತ್ತದೆ, ಸಾರಜನಕ ಸೊನ್ನೆ. ರಸೀದಿ ತೋರಿಸಲಾ?

ಮನೆ 60 · 6:27
ತೋರಿಸಿ.

ಮನೆ 7 · 6:41
ರಸೀದಿ ಹೆಂಡತಿಯ ಮೇಲ್‌ನಲ್ಲಿದೆ. ಅವಳು ಮಲಗಿದ್ದಾಳೆ. ವಿಷಯ ಬದಲಿಸಬೇಡಿ.

ಮನೆ 33 · 7:30
ವಾಕಿಂಗ್ ಮುಗಿಸಿ ಕೆರೆ ನೋಡಿ ಬಂದೆ. ಸತ್ತಿರುವುದು ಹೆಚ್ಚಾಗಿ ದೊಡ್ಡ ಮೀನು. ಚಿಕ್ಕವು ದಡದ ಹತ್ತಿರ ಬಾಯಿ ಮೇಲೆ ಮಾಡಿ ಒದ್ದಾಡುತ್ತಿವೆ. ಇದು ವಿಷದ ಲಕ್ಷಣ ಅಲ್ಲ, ಉಸಿರು ಕಟ್ಟಿದ್ದು. ಪಾಚಿ ಹಗಲಿನಲ್ಲಿ ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಬಳಸಿಕೊಳ್ಳುತ್ತದೆ. ಈ ವಾರ ಪೂರ್ತಿ ಮೋಡ, ಬಿಸಿಲಿಲ್ಲದೆ ಪಾಚಿ ಕೊಡುವುದೂ ಕಡಿಮೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಇದರ ಮೇಲೆ ಸೋಮವಾರ ಕಾಂಟ್ರಾಕ್ಟರ್ ಬಂದು ತಾಮ್ರದ ಔಷಧಿ ಹೊಡೆದು ಹೋದ. ಪಾಚಿ ಒಟ್ಟಿಗೇ ಸತ್ತಿತು. ಅದು ಕೊಳೆಯುವಾಗ ಉಳಿದಿದ್ದ ಆಮ್ಲಜನಕವೂ ಖರ್ಚಾಯಿತು. ರಾತ್ರಿಯಿಡೀ ಆಮ್ಲಜನಕ ಇಳಿಯುತ್ತಾ ಹೋಗುವುದರಿಂದಲೇ ಮೀನು ಬೆಳಗಿನ ಜಾವ ಸಾಯುವುದು. ತಾಮ್ರ ಎಲ್ಲಿಗೂ ಹೋಗುವುದಿಲ್ಲ, ತಳದ ಕೆಸರಿನಲ್ಲಿ ಸೇರುತ್ತಾ ಹೋಗುತ್ತದೆ.

ಇನ್ನೊಂದು ಮಾತು, ಬೈಯಬೇಡಿ. ಇದು ಕೆರೆಯೇ ಅಲ್ಲ. ನಮ್ಮ ಮನೆಗಳ ನೆಲ ಎತ್ತರಿಸಲು ಮಣ್ಣು ತೆಗೆದ ಗುಂಡಿ. ರಸ್ತೆ, ಚಾವಣಿ, ಲಾನುಗಳ ಮಳೆನೀರು ಇಲ್ಲಿ ನಿಲ್ಲಬೇಕು, ಕೊಳೆ ತಳಕ್ಕಿಳಿಯಬೇಕು, ಆಮೇಲೆ ನೀರು ಕಾಲುವೆಗೆ, ಅಲ್ಲಿಂದ ಕೊಲ್ಲಿಗೆ, ಕೊನೆಗೆ ಸಮುದ್ರಕ್ಕೆ ಹೋಗಬೇಕು. ಕೊಳೆ ಹಿಡಿಯುವುದೇ ಇದರ ಕೆಲಸ. ಅದನ್ನೇ "ಲೇಕ್ ವ್ಯೂ" ಅಂತ ಮಾರಿದರು, ನಾವು ಜಾಸ್ತಿ ಕೊಟ್ಟು ಕೊಂಡೆವು.

ಮನೆ 41 · 7:34
ಹಾಗಾದರೆ ಏನು ಮಾಡಬೇಕು ಹೇಳಿ ಮೇಡಂ. ಅದಷ್ಟೇ ಬೇಕು ನನಗೆ.

ಮನೆ 33 · 7:52
ನೀರಿನ ಅಂಚಿನಿಂದ ಹತ್ತು ಅಡಿ ಗೊಬ್ಬರ ಹಾಕಬಾರದು ಅಂತ ಈಗಲೂ ನಿಯಮ ಇದೆ. ಅಷ್ಟು ಜಾಗದಲ್ಲಿ ಹುಲ್ಲು ಕತ್ತರಿಸುವುದನ್ನೂ ನಿಲ್ಲಿಸಿ ಪಿಕರಲ್‌ವೀಡ್, ಡಕ್ ಪೊಟೇಟೊ ತರಹದ ಇಲ್ಲಿನ ಗಿಡ ನೆಡಬೇಕು. ಲಾನಿನಿಂದ ಹರಿದು ಬರುವುದನ್ನು ಅವು ಹಿಡಿದುಕೊಳ್ಳುತ್ತವೆ. ಮಧ್ಯದಲ್ಲಿರುವ ಕಾರಂಜಿ ನೋಡಲು ಚೆಂದ, ತಳದ ನೀರಿಗೆ ಅದರಿಂದ ಪ್ರಯೋಜನ ಕಡಿಮೆ. ತಳದಿಂದ ಗಾಳಿ ಗುಳ್ಳೆ ಬಿಡುವ ಯಂತ್ರ ಕೇಳೋಣ. ಆಮೇಲೆ 26 ಹೇಳಿದ ನೇರಳೆ ಪೈಪ್. ಆ ನೀರಿನಲ್ಲೇ ಸಾರಜನಕ, ರಂಜಕ ಇರುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿದು ಗೊಬ್ಬರ ಕಡಿಮೆ ಮಾಡಿದ್ದಾರಾ ಅಂತ ಕ್ಲಬ್ಬನ್ನು ಕೇಳಬೇಕು. ನಮ್ಮ ಲಾನುಗಳಿಗೂ ಅದೇ ನೀರು ಬರುತ್ತಿದೆ, ನೆನಪಿರಲಿ.

ಲಾನ್ ತೆಗೆದು ಇಲ್ಲಿನ ಗಿಡ ಹಾಕಿದರೆ ಬೋರ್ಡ್ ದಂಡ ಹಾಕುತ್ತದೆ ಅನ್ನುವ ಭಯ ಬೇಡ. ಫ್ಲೋರಿಡಾಕ್ಕೆ ಹೊಂದುವ ತೋಟ ಮಾಡುವುದನ್ನು ಅಸೋಸಿಯೇಷನ್ ನಿಷೇಧಿಸುವ ಹಾಗಿಲ್ಲ ಅಂತ 2009ರಲ್ಲೇ ರಾಜ್ಯದ ಕಾನೂನು ಬಂದಿದೆ. ಗುರುವಾರ ಸಂಜೆ ಬೋರ್ಡ್ ಸಭೆ. ಐದಾರು ಜನ ಬಂದು ಮಾತಾಡಿದರೆ ಸಾಕು. ಯಾರು ಬರುತ್ತೀರಿ?

ಮನೆ 60 · 7:55
ನಾನು ಬರುತ್ತೇನೆ.

ಮನೆ 7 · 8:01
ಒಂದು ನಿಮಿಷ. ಹೀಗೆ ಒಬ್ಬೊಬ್ಬರೇ ಹೋಗಿ ಮಾತಾಡಿದರೆ ಕೆಲಸ ಕೆಡುತ್ತದೆ. ಮೊದಲು ನಾನು ಒಂದು ಡ್ರಾಫ್ಟ್ ಮಾಡುತ್ತೇನೆ. ಕ್ಲಬ್, ಕಾಂಟ್ರಾಕ್ಟರ್, ಬೋರ್ಡ್, ಕೌಂಟಿ, ಎಲ್ಲರಿಗೂ. ವಕೀಲರ ಭಾಷೆಯಲ್ಲಿ. ಇಪ್ಪತ್ತಮೂರು ಅಂಶ ಆಗಲೇ ತಲೆಯಲ್ಲಿವೆ. ಗಿಡದ ವಿಷಯ ಅದರಲ್ಲಿ ಬೇಡ. ನೀರಿನಂಚಿಗೆ ಪೊದೆ ಬೆಳೆಸಿದರೆ ಅಲಿಗೇಟರ್ ಬಂದು ಕೂರುತ್ತದೆ. ಮೊಮ್ಮಕ್ಕಳು ಬರುವ ಮನೆ.

ಮನೆ 18 · 8:06
ಅಲಿಗೇಟರ್ ಬರುವುದು ಗಿಡಕ್ಕಲ್ಲ, ದಡದಲ್ಲಿ ಮಂಡಕ್ಕಿ ಹಾಕುವವರಿಂದ. ಮಂಡಕ್ಕಿಗೆ ಮೀನು, ಬಾತುಕೋಳಿ. ಅವುಗಳ ಹಿಂದೆ ಅದು. ಯಾರ ಮನೆಯವರು ಅಂತ ಹೇಳುವುದಿಲ್ಲ.

ಮನೆ 41 · 8:07
ನಮ್ಮ ಅತ್ತೆಗೆ ಹೇಳುತ್ತಿದ್ದೀರಾ? ಅವರು ಹಾಕುವುದು ಆಮೆಗೆ.

ಮನೆ 18 · 8:09
ಆಮೆಗಾದರೂ ಹಾಕಬಾರದು. ಮತ್ತೆ ಮೇಡಂ ಹೇಳಿದ ಗಿಡ ಮೊದಲು ಇತ್ತಲ್ಲ ನಿಮ್ಮ ಹಿತ್ತಲಲ್ಲಿ? ನೀಲಿ ಹೂವಿನದು. ನೀರು ಕಾಣುವುದಿಲ್ಲ ಅಂತ ಆಳು ಕರೆಸಿ ಕೀಳಿಸಿದ್ದು ಯಾರು?

ಮನೆ 41 · 8:10
ಅದು ಜೊಂಡು. ಹಾವಿತ್ತು. ನಾತದ ಬಗ್ಗೆ ಹೇಳಲು ಬಂದರೆ ನನ್ನ ಮೇಲೇ ತಿರುಗುತ್ತೀರಲ್ಲ, ಭೇಷ್.

ಮನೆ 3 · 8:15
ಫಾರ್ವರ್ಡ್ ಮಾಡಿದ ಸಂದೇಶ: ಬೆಲ್ಲ, ಹುಳಿ ಮಜ್ಜಿಗೆ, ಸಗಣಿ ಕಲಸಿ ಉಂಡೆ ಕಟ್ಟಿ ಅಮಾವಾಸ್ಯೆಯಂದು ಕೆರೆಗೆ ಎಸೆಯಿರಿ. ಏಳು ದಿನದಲ್ಲಿ ನೀರು ಸ್ಫಟಿಕ!! ವಿಜ್ಞಾನಿಗಳೇ ಬೆರಗಾದರು. ಹತ್ತು ಜನರಿಗೆ ಕಳಿಸಿ.

ಮನೆ 60 · 8:17
ಸರಸೋಟದಲ್ಲಿ ಸಗಣಿ ಎಲ್ಲಿ ಸಿಗುತ್ತದೆ ಅಂಕಲ್?

ಮನೆ 33 · 8:18
ಅಂಕಲ್, ಸಗಣಿಯೂ ಗೊಬ್ಬರವೇ.

ಮನೆ 26 · 8:22
ನಮ್ಮ ಪುಣ್ಯ, ನಮ್ಮದು ನಾತ ಮಾತ್ರ. ಬೆಳ್ಳಂದೂರು ಕೆರೆಗೆ 2017ರಲ್ಲಿ ಬೆಂಕಿಯೇ ಬಿದ್ದಿತ್ತು. ಆಗ ನಾನು ಅಲ್ಲೇ ಸರ್ಜಾಪುರ ರಸ್ತೆಯಲ್ಲಿದ್ದೆ.

ಮನೆ 7 · 8:24
ಬೆಳ್ಳಂದೂರಿನಲ್ಲೂ ಗಾಲ್ಫ್ ಆಡುತ್ತಿದ್ದಿರಾ?

ಮನೆ 52 · 8:40
ಕೆರೆ ಕೆರೆ ಅಂತ ಇದ್ದೀರಿ, ಬೀಚ್ ಕಡೆಯವರ ಗೋಳೂ ಕೇಳಿ. ಅಕ್ಟೋಬರ್ 31ರವರೆಗೆ ಕಡಲಾಮೆ ಸೀಸನ್. ಈಗ ಮರಿಗಳು ಮೊಟ್ಟೆಯೊಡೆದು ಬರುವ ಸಮಯ. ಅವು ಬೆಳಕಿರುವ ಕಡೆ ಹೋಗುತ್ತವೆ, ಸಮುದ್ರದ ಬದಲು ರಸ್ತೆಗೆ. ಮೊನ್ನೆ ಗಾಲ್ಫ್ ಕಾರ್ಟ್ ದಾರಿಯಲ್ಲಿ ಎರಡು ಮರಿ ಸತ್ತಿದ್ದವು. ನಮ್ಮ ಗುಂಪಿನವರದೇ ಒಂದು ಬಾಲ್ಕನಿಯಲ್ಲಿ ಇಡೀ ರಾತ್ರಿ ಬಿಳಿ ಲೈಟ್ ಉರಿಯುತ್ತದೆ. ಅಂಬರ್ (ಕಿತ್ತಳೆ ಬಣ್ಣದ) ಬಲ್ಬ್ ಹಾಕಿ, ಇಲ್ಲ ಪರದೆ ಎಳೆಯಿರಿ. ಇದಕ್ಕೆ ಯಾವ ಬೋರ್ಡ್ ಸಭೆಯೂ ಬೇಡ.

ಮನೆ 7 · 8:44
ಅದು ಶ್ರಾವಣದ ಸೀರಿಯಲ್ ಸೆಟ್. ಹಬ್ಬ ಮುಗಿಯುವವರೆಗೆ ಇರುತ್ತದೆ. ಒಂದು ದೀಪ ಹಚ್ಚಲೂ ಅನುಮತಿ ಬೇಕಾ ಇಲ್ಲಿ?

ಮನೆ 52 · 8:45
ಮನೆಯೊಳಗೆ ಹಚ್ಚಿ ಸರ್. ದೇವರ ಮನೆ ಒಳಗಲ್ವಾ ಇರುವುದು?

ಮನೆ 60 · 9:10
ಹಬ್ಬ ಅಂದಾಗ ನೆನಪಾಯಿತು. ಹೋದ ಸಲ ಗಣಪತಿ ಬಿಟ್ಟಿದ್ದು ಇದೇ ಕೆರೆಗೆ ಅಲ್ವಾ? ಕ್ಲಬ್ಬಿನವರು ಫೋಟೊ ಇಟ್ಟುಕೊಂಡಿದ್ದಾರೆ ಅಂತ ಕೇಳಿದೆ. ನಾವು ಗೊಬ್ಬರದ ಪ್ರಶ್ನೆ ಎತ್ತಿದರೆ ಅವರು ಅದನ್ನು ತೋರಿಸುತ್ತಾರೆ.

ಮನೆ 18 · 9:12
ಮಣ್ಣಿನ ಗಣಪತಿ. ಬಣ್ಣ ಇರಲಿಲ್ಲ.

ಮನೆ 26 · 9:13
ಹಳದಿ ಪೀತಾಂಬರ, ಕೆಂಪು ಕಿರೀಟ, ಚಿನ್ನದ ಬಣ್ಣದ ಇಲಿ. ಹೊತ್ತವನು ನಾನೇ.

ಮನೆ 33 · 9:20
ಈ ಸಲ ಟಬ್‌ನಲ್ಲಿ ಬಿಡೋಣ. ಬೆಂಗಳೂರಿನಲ್ಲೇ ಬೀದಿ ಬೀದಿಗೆ ಟ್ಯಾಂಕರ್ ಬರುತ್ತದೆ, ನಮಗೇನು? ಅದು ಆಯಿತು. ಗುರುವಾರಕ್ಕೆ ಇನ್ನೂ ಯಾರು?

ಮನೆ 41 · 9:31
ಗುರುವಾರ ಅತ್ತೆಗೆ ಡಾಕ್ಟರ್ ಅಪಾಯಿಂಟ್‌ಮೆಂಟ್ ಇದೆ.

ಮನೆ 18 · 9:32
ನಮ್ಮ ಮನೆಗೆ ಪ್ಲಂಬರ್ ಬರುತ್ತಾನೆ.

ಮನೆ 7 · 9:50
ಡ್ರಾಫ್ಟ್ ಆಗುವವರೆಗೆ ಯಾರೂ ಹೋಗುವುದು ಬೇಡ ಅಂತ ಆಗಲೇ ಹೇಳಿದೆ. ಮುಂದಿನ ತಿಂಗಳ ಸಭೆಗೆ ಒಟ್ಟಾಗಿ ಹೋಗೋಣ. ಮತ್ತೆ ಟಬ್ ಅಂದರೆ ಯಾವ ಟಬ್? ನೀಲಿ ಪ್ಲಾಸ್ಟಿಕ್ ಟಬ್‌ನಲ್ಲಿ ಗಣಪತಿ ಬಿಡುವುದು ನನಗೆ ಸರಿ ಕಾಣುವುದಿಲ್ಲ. ನನ್ನ ಹತ್ತಿರ ಹಿತ್ತಾಳೆ ಹಂಡೆ ಇದೆ, ಊರಿಂದ ಹಡಗಿನಲ್ಲಿ ತರಿಸಿದ್ದು.

ಮನೆ 52 · 9:53
ಹಂಡೆಯ ಬಾಯಿ ಸಾಕಾಗುತ್ತದಾ? ಹೋದ ಸಲದ ಗಣಪತಿ ಎರಡು ಅಡಿ ಇತ್ತು.

ಮನೆ 7 · 9:54
ಈ ಸಲ ಒಂದು ಅಡಿ ಮಾಡಿಸೋಣ.

ಮನೆ 18 · 9:56
ಒಂದು ಅಡಿಯದು ಅಂತ ಮಕ್ಕಳಿಗೆ ಯಾರು ಹೇಳುತ್ತಾರೆ? ಕ್ಲಬ್‌ಹೌಸ್ ಹಾಲ್ ಬುಕ್ ಆಗಿದೆಯಾ ಮೊದಲು?

ಮನೆ 26 · 10:02
ಮೆಂಬರ್ ಆಗಿ ನಾನು ಬುಕ್ ಮಾಡುತ್ತೇನೆ. ಆದರೆ ಇಲ್ಲಿ ಕ್ಲಬ್ಬನ್ನು ಬೈದದ್ದನ್ನು ಯಾರೂ ಅವರಿಗೆ ಸ್ಕ್ರೀನ್‌ಶಾಟ್ ಕಳಿಸಬೇಡಿ, ಡಿಸ್ಕೌಂಟ್ ಹೋಗುತ್ತದೆ.

ಮನೆ 7 · 10:03
ಯಾರು ಬೈದರು? ಪ್ರಶ್ನೆ ಕೇಳಿದೆ ಅಷ್ಟೇ. ಎಷ್ಟು ಡಿಸ್ಕೌಂಟ್?

ಮನೆ 41 · 10:05
ಕಡುಬಿಗೆ ನನ್ನ ಹೆಸರು ಬರೆದುಕೊಳ್ಳಿ. ಅತ್ತೆ ಇದ್ದಾರೆ, ನೂರು ಮಾಡಿದರೂ ಮಾಡುತ್ತಾರೆ.

ಮನೆ 33 · 10:20
60ರವರೇ, ಗುರುವಾರ ಆರೂವರೆಗೆ ಗೇಟ್ ಹತ್ತಿರ ಸಿಗಿ. ಒಂದೇ ಕಾರಿನಲ್ಲಿ ಹೋಗೋಣ.

ಮನೆ 60 · 10:48
ಮೇಡಂ, ಗುರುವಾರ ಹಬ್ಬದ ನಾಟಕದ ರಿಹರ್ಸಲ್ ಇಟ್ಟಿದ್ದಾರಂತೆ. ಮುಂದಿನ ತಿಂಗಳು ಹೋಗೋಣವಾ?

ಮನೆ 3 · 10:50
ಕ್ಲಬ್‌ಹೌಸ್ ಹಾಲ್‌ನ ಠೇವಣಿಗೆ ಶುಕ್ರವಾರದೊಳಗೆ ಇಪ್ಪತ್ತು ಡಾಲರ್ ಕಳಿಸಿ. ಲೆಕ್ಕ ನಾನು ಇಡುತ್ತೇನೆ. ಈರುಳ್ಳಿ ಬೆಳ್ಳುಳ್ಳಿ ಬೇಡದವರು ಕೈ ಎತ್ತಿ.