ಒಳ್ಳೆಯ ಮ್ಯಾನೇಜರ್ ಕೂಡ ತೇವಾಂಶ ಜಾಸ್ತಿ ಬರೆಯೋದು ಯಾಕೆ?

ಗೋಡೌನ್ ಮ್ಯಾನೇಜರ್, ದಾವಣಗೆರೆ:
ಮೆಕ್ಕೆಜೋಳ ಕೊಳ್ಳುವ ಒಂದು ಖಾಸಗಿ ಗೋಡೌನಿಗೆ ಹೊಸದಾಗಿ ಮ್ಯಾನೇಜರ್ ಆಗಿ ಬಂದಿದ್ದೇನೆ. ಹಿಂದೆ ಇದ್ದವರು ಹಮಾಲರ ಮಕ್ಕಳ ಫೀಸನ್ನು ತಾವೇ ಕಟ್ಟಿದವರು. ಅಂಥವರು ಮೀಟರ್ ಕಾಳಿನ ತೇವಾಂಶ ಶೇ 16 ತೋರಿಸಿದರೆ ಚೀಟಿಯಲ್ಲಿ 18 ಬರೆದು ರೈತನಿಗೆ ಕೊಡುವುದರಲ್ಲಿ ಅಷ್ಟು ಹೆಚ್ಚು ಮುರಿಯುತ್ತಿದ್ದರು, ಅದೂ ರೈತ ಎದುರಿಗೇ ನಿಂತಿರುವಾಗ. ಈಗ ಮಾಲೀಕರು ನನಗೂ ‘ಹಳಬರು ಮಾಡಿದ ಹಾಗೇ ನಡೆಸಿಕೊಂಡು ಹೋಗಿ’ ಅನ್ನುತ್ತಾರೆ. ನಾನಿನ್ನೂ 16ನ್ನು 16 ಅಂತಲೇ ಬರೆಯುತ್ತಿದ್ದೇನೆ. ಎಷ್ಟು ದಿನ ನಡೆಯುತ್ತದೋ! ಅಷ್ಟು ಒಳ್ಳೆಯವರು ಇದನ್ನು ಹೇಗೆ ಮಾಡಿದರು?

ಜಗಳೂರು ಕಡೆಯವನು:
ಇದರಲ್ಲಿ ಏನಿದೆ ಸರ್? ಮಾಲು ಇಳಿಸಿದ ಮೇಲೆ ವಾಪಸ್ ಹೇರಿಕೊಂಡು ಹೋಗೋಕೆ ನಮಗೆ ಬಾಡಿಗೆ ಯಾರು ಕೊಡ್ತಾರೆ? ಅದು ಅವರಿಗೂ ಗೊತ್ತು. ಮೊದಲು ಮೀಟರಿನ ಮುಖ ನಮ್ಮ ಕಡೆ ತಿರುಗಿಸಿ ಇಡಿ.

ಎಂಬಿಎ ಮೇಡಂ:
ಅವರ ಇನ್ಸೆಂಟಿವ್ ಹೇಗೆ ಲೆಕ್ಕ ಹಾಕುತ್ತಿದ್ದರು, ವಿಚಾರಿಸಿ. 1970ರ ದಶಕದಲ್ಲಿ ಅಮೆರಿಕದ ಫೋರ್ಡ್‌ನಲ್ಲಿ ಡೆನ್ನಿಸ್ ಜಿಯೋಯಾ ಅನ್ನುವವರಿದ್ದರು. ದೋಷವಿರುವ ಕಾರು ವಾಪಸ್ ಕರೆಸುವ ಕೆಲಸ ಅವರದು. ಹಿಂದಿನಿಂದ ಗುದ್ದಿದರೆ ಪಿಂಟೋ ಕಾರಿಗೆ ಬೆಂಕಿ ಹತ್ತುತ್ತಿದೆ ಅನ್ನುವ ವರದಿಗಳು ಅವರ ಮೇಜಿಗೇ ಬಂದವು. ವಾಪಸ್ ಕರೆಸಿ ಅನ್ನಲಿಲ್ಲ. ಕಂಪನಿಗಳನ್ನು ಒಳಗಿಂದಲೇ ತಿದ್ದುತ್ತೇನೆ ಅಂತ ಸೇರಿದ್ದ ಹುಡುಗ! ಆಗ ಅದು ಸರಿ–ತಪ್ಪಿನ ವಿಷಯ ಅಂತ ಹೊಳೆದೇ ಇರಲಿಲ್ಲ ಅಂತ 1992ರಲ್ಲಿ ಅವರೇ ಬರೆದರು. ಬರೀ ಸ್ವಭಾವ ನೋಡಿದರೆ ಸಾಲದು. ಮೇಲಿನವರು ಯಾವುದಕ್ಕೆ ದುಡ್ಡು ಕೊಡುತ್ತಾರೆ, ಯಾವುದಕ್ಕೆ ಮುರಿಯುತ್ತಾರೆ, ಅದನ್ನೂ ನೋಡಿ.

ಗೋಡೌನ್ ಮ್ಯಾನೇಜರ್:
ಕೇಳಿದೆ ಮೇಡಂ. ಕಾಳು ಒಣಗಿ ತೂಕ ಇಳಿದರೂ ಅದು ಶಾರ್ಟೇಜ್ ಅಂತೆ. ಮ್ಯಾನೇಜರ್ ಇನ್ಸೆಂಟಿವ್‌ನಲ್ಲೇ ಕಟ್! ಅದನ್ನು ತುಂಬಿಕೊಳ್ಳೋಕೇ ಅವರು 18 ಬರೆದಿರಬೇಕು.

ಹಳೇ ಅಕೌಂಟೆಂಟ್, ಹರಿಹರ:
ಹಾಗಾದರೆ ಮಾಲೀಕರ ಹತ್ತಿರ ನೀತಿಪಾಠ ಬೇಡ, ಲೆಕ್ಕ ಇಡಿ. 16ರ ತೇವಾಂಶದ 100 ಕ್ವಿಂಟಲ್ 14ಕ್ಕೆ ಒಣಗಿದರೆ ಉಳಿಯೋದು ಸುಮಾರು 97.7 ಕ್ವಿಂಟಲ್. ಆ ವ್ಯತ್ಯಾಸವನ್ನು ಕೊಳ್ಳುವಾಗಲೇ ಮುರಿದುಕೊಂಡಿರುತ್ತೀರಿ, ಅಲ್ವಾ? ಮತ್ತೆ ಅದನ್ನೇ ಶಾರ್ಟೇಜ್ ಅಂತ ಹಿಡಿಯಬಾರದು, ಹಾಗಂತ ಬರೆಸಿಕೊಳ್ಳಿ. ಕಂಪನಿಗಳು ಲಾಭದಲ್ಲಿ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು ಅನ್ನುವ ಸಿಎಸ್‌ಆರ್ ಕಾನೂನು ಹೇಳಿ ಸುಮ್ನೆ ಬಾಯಿ ನೋಯಿಸಿಕೊಳ್ಳಬೇಡಿ. 2013ರ ಕಂಪನಿ ಕಾಯ್ದೆಯ ಆ ಕಲಂ ನಿವ್ವಳ ಲಾಭ 5 ಕೋಟಿ, ವಹಿವಾಟು 1000 ಕೋಟಿ ಅಥವಾ ನಿವ್ವಳ ಮೌಲ್ಯ 500 ಕೋಟಿ ಮುಟ್ಟಿದ ಕಂಪನಿಗಳಿಗೆ. ಅವರೂ ಲಾಭದ ಶೇ 2ರಲ್ಲಿ ಶಾಲೆಗೆ ಬಣ್ಣ ಹೊಡೆಸಿದರೆ ಆಯಿತು. ಮೀಟರ್ ವಿಷಯ ಅದರಲ್ಲಿ ಬರೋದೇ ಇಲ್ಲ.

ಗೋಡೌನ್ ಮ್ಯಾನೇಜರ್:
ಲೆಕ್ಕ ತೋರಿಸಿದೆ ಸರ್. ‘ಸೀಸನ್ ಮುಗಿಯಲಿ, ನೋಡೋಣ’ ಅಂದರು. ಸೀಸನ್ ಮುಗಿದ ಮೇಲೆ ಮಾಲೇ ಬರಲ್ಲವಲ್ಲ! ನಾಳೆ ಬರವಣಿಗೆಯಲ್ಲೇ ಕೊಡುತ್ತೇನೆ.