ಐಇಎಲ್‌ಟಿಎಸ್ ಲಿಸನಿಂಗ್: ಭಾನುವಾರದ ಪ್ರಶ್ನೋತ್ತರ

ಮೇಷ್ಟ್ರು (ತರಬೇತುದಾರ): ಇವತ್ತು ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ಲಿಸನಿಂಗ್, ಅಂದರೆ ಕೇಳಿ ಉತ್ತರ ಬರೆಯುವ ಭಾಗ ಮಾತ್ರ. ನಾಲ್ಕು ಭಾಗ, 40 ಪ್ರಶ್ನೆ, ಆಡಿಯೊ ಒಂದೇ ಸಲ. ವೀಸಾ, ಏಜೆಂಟ್ ವಿಷಯ ಇಲ್ಲಿ ಬೇಡ.

ಗದಗ ಗೆಳೆಯ: ಸಾರ್, ಉತ್ತರ ಬರೆದುಕೊಳ್ಳಲು ಕೊನೆಯಲ್ಲಿ ಟೈಮ್ ಕೊಡ್ತಾರಾ?

ಮೇಷ್ಟ್ರು: ಪೇಪರ್ ಪರೀಕ್ಷೆಯಾದರೆ 10 ನಿಮಿಷ. ಕಂಪ್ಯೂಟರ್ ಆದರೆ ನೋಡಿಕೊಳ್ಳಲು 2 ನಿಮಿಷ ಅಷ್ಟೆ.

ಹಾಸನದ ನರ್ಸ್: ನಮಸ್ತೆ ಸಾರ್. ನಾನು ಐಸಿಯು ಸ್ಟಾಫ್ ನರ್ಸ್. ಬ್ರಿಟನ್‌ನ ನರ್ಸಿಂಗ್ ಕೌನ್ಸಿಲ್‌ಗೆ ಲಿಸನಿಂಗ್‌ನಲ್ಲಿ 9ಕ್ಕೆ 7 ಬ್ಯಾಂಡ್ ಬೇಕು. ಮೂರು ಸಲ ಬರೆದೆ, ಮೂರೂ ಸಲ 6.5. ಬೇರೆಲ್ಲ ಆಗಿದೆ. ಕೇಳಿದ್ದೆಲ್ಲ ಅರ್ಥ ಆಗುತ್ತದೆ, ಅದೇ ಬೇಜಾರು. ನಿನ್ನೆ ಮನೆಯಲ್ಲಿ ಮಾಡಿದ ಟೆಸ್ಟ್‌ನಲ್ಲಿ 28 ಸರಿ. ತಪ್ಪುಗಳು: ಟಿಕೆಟ್ಸ್, ಬ್ಲ್ಯಾಂಕೆಟ್ಸ್, ವಾಲಂಟಿಯರ್ಸ್ ಮೂರಕ್ಕೂ 'ಎಸ್' ಬಿಟ್ಟಿದ್ದೇನೆ. 50 ಅಂದಿದ್ದಕ್ಕೆ 15 ಬರೆದೆ. 'ಎ ವುಡನ್ ಬ್ರಿಡ್ಜ್' ಯಾಕೆ ತಪ್ಪು ಅಂತಲೇ ಗೊತ್ತಾಗಲಿಲ್ಲ. 33ರಿಂದ 36 ಖಾಲಿ. ಇನ್ನು ಮೂರು ಎ-ಬಿ-ಸಿ ಆಯ್ಕೆಯವು.

ಮೇಷ್ಟ್ರು: ಸಿಸ್ಟರ್, ನಿಮ್ಮ ಪಟ್ಟಿ ಎರಡು ಸಲ ಓದಿದೆ. ಸಾಮಾನ್ಯವಾಗಿ 30 ಸರಿಯಾದರೆ 7. ನಿಮಗೆ ಬೇಕಾಗಿರೋದು ಎರಡು ಅಂಕ.

ಮೊದಲು 'ಎಸ್'. ಇದು ಕಿವಿಯ ದೋಷ ಅಲ್ಲ, ಕನ್ನಡದ ರೂಢಿ. ಕಂಡಕ್ಟರ್‌ಗೆ ನಾವು 'ಎರಡು ಟಿಕೆಟ್ ಕೊಡಿ' ಅಂತೇವೆ. ಎರಡು ಅಂದಮೇಲೆ ಮತ್ತೆ 'ಗಳು' ಯಾಕೆ ಅಲ್ವಾ? ಹಾಗಾಗಿ ಇಂಗ್ಲಿಷ್‌ನವರು ಕೊನೆಯಲ್ಲಿ 'ಸ್' ಅಂದರೂ ನಮ್ಮ ಕಿವಿ ಅದನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಜೊತೆಗೆ ಅವರು ಪದ ಬಿಡಿಸಿ ಹೇಳುವುದಿಲ್ಲ. 'ಬ್ಲ್ಯಾಂಕೆಟ್ಸ್ ಆರ್' ಅನ್ನೋದು 'ಬ್ಲ್ಯಾಂಕೆಟ್ ಸಾರ್' ಅಂತ ಕೇಳುತ್ತದೆ. ಯಾರೋ ನಿಮ್ಮನ್ನು ಸಾರ್ ಅಂತ ಕರೆದ ಹಾಗೆ! ಆಡಿಯೊ ಶುರುವಾಗುವ ಮೊದಲೇ ಖಾಲಿ ಜಾಗದ ಅಕ್ಕಪಕ್ಕ ನೋಡಿ. ಹಿಂದೆ 'ಎ' ಅಥವಾ 'ಆ್ಯನ್' ಇದ್ದರೆ ಒಂದು. ಮುಂದೆ 'ಆರ್' ಇದ್ದರೆ ಹೆಚ್ಚು. ಪೆನ್ಸಿಲ್‌ನಲ್ಲಿ ಪಕ್ಕಕ್ಕೆ ಸಣ್ಣ 'ಎಸ್' ಹಾಕಿಕೊಂಡು ಕಾಯಿರಿ.

15, 50: 'ಫಿಫ್ಟೀನ್'ನಲ್ಲಿ ಕೊನೆ ಎಳೆಯುತ್ತದೆ. 'ಫಿಫ್ಟಿ'ಯಲ್ಲಿ ಒತ್ತು ಮುಂದೆ, ಕೊನೆ ಗಿಡ್ಡ.

ಸೇತುವೆ: 'ಎರಡು ಪದ ಮೀರಬಾರದು' ಅಂತ ಮೇಲೆ ಇದ್ದಿರಬೇಕು. ನೀವು ಬರೆದದ್ದು ಮೂರು. ಆ 'ಎ' ಅಂಕ ತಿಂದಿತು.

ನನಗೆ ಚಿಂತೆ 33ರಿಂದ 36ರದ್ದು. ಅಲ್ಲಿ ಒಂದೇ ತಪ್ಪಾಗಿದೆ, ನಾಲ್ಕಲ್ಲ. 33 ಕೈತಪ್ಪಿತು. 'ಏನಂದ್ರು, ಏನಂದ್ರು' ಅಂತ ಯೋಚಿಸುವಷ್ಟರಲ್ಲಿ ಉಳಿದ ಮೂರೂ ದಾಟಿ ಹೋದವು. ನಾಲ್ಕನೇ ಭಾಗ ಒಬ್ಬರೇ ಮಾಡುವ ಉಪನ್ಯಾಸ, ನಡುವೆ ನಿಲ್ಲಿಸುವುದಿಲ್ಲ. ಉತ್ತರಗಳು ಪ್ರಶ್ನೆಯ ಕ್ರಮದಲ್ಲೇ ಬರುತ್ತವೆ. ಅದಕ್ಕೇ ಕೈ 33ರ ಮೇಲಿದ್ದಾಗ ಕಣ್ಣು 34ರ ಮೇಲೂ ಇರಲಿ. 34ರ ಮುಖ್ಯ ಪದ ಕಿವಿಗೆ ಬಿತ್ತಾ, 33 ಸತ್ತುಹೋಯಿತು. ಬಿಡಿ. ಐಸಿಯುನಲ್ಲಿ ಇಬ್ಬರು ಪೇಷಂಟ್ ಮಾನಿಟರ್ ಒಟ್ಟಿಗೆ ನೋಡುವವರು ನೀವು, ಇದು ಬರುತ್ತದೆ. ಎ-ಬಿ-ಸಿ ಮೂರನ್ನು ಈಗ ಮುಟ್ಟಬೇಡಿ.

ತುಮಕೂರು ಎಕ್ಸ್‌ಪ್ರೆಸ್: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ: '1. ಗೊತ್ತಿಲ್ಲದ್ದಕ್ಕೆಲ್ಲ ಸಿ ಹಾಕಿ. 2. ಮೊದಲು ಕೇಳಿದ್ದೇ ಉತ್ತರ. 3. ಕ್ಯಾಪಿಟಲ್ ಅಕ್ಷರ ಇಲ್ಲದಿದ್ದರೆ ಸೊನ್ನೆ.' 🙏

ಮೇಷ್ಟ್ರು: ಮೂರೂ ಸುಳ್ಳು. ಎರಡನೆಯದು ಅಪಾಯ. 'ಗುರುವಾರ ಸಿಗೋಣ... ಓ, ಅವತ್ತು ರಜ, ಶುಕ್ರವಾರ ಬನ್ನಿ' ಅಂತಾರೆ. ಗುರುವಾರ ಬರೆದವರು ಕೆಟ್ಟರು. ಪರೀಕ್ಷೆ ಮಾಡುವವರು ಬೇಕಂತಲೇ ಹೀಗೆ ಇಡುತ್ತಾರೆ. ಕ್ಯಾಪಿಟಲ್, ಸಣ್ಣಕ್ಷರ ಎರಡೂ ನಡೆಯುತ್ತದೆ. ಫಾರ್ವರ್ಡ್ ಇಲ್ಲಿ ಹಾಕಬೇಡಿ.

ಶಿರಸಿ ಅಡಿಕೆ: ತಪ್ಪು ಬರೆದರೆ ಅಂಕ ಕಳೀತಾರಾ?

ಮೇಷ್ಟ್ರು: ಇಲ್ಲ. ಖಾಲಿ ಬಿಡಬೇಡಿ.

ಮೆಲ್ಬರ್ನ್ ಮಾವ: ಕಳೀತಾರೆ ರೀ! ತಪ್ಪು ಪದ ಗುರುತಿಸುವ ಪ್ರಶ್ನೆಯಲ್ಲಿ ಸರಿ ಇದ್ದ ಪದ ಒತ್ತಿದರೆ ಅಂಕ ಹೋಗುತ್ತೆ. ನಾನೇ ಬರೆದವನು.

ಶಿರಸಿ ಅಡಿಕೆ: ನೀವು ಬರೆದದ್ದು ಪಿಟಿಇ ಅನ್ನೋ ಬೇರೆ ಇಂಗ್ಲಿಷ್ ಪರೀಕ್ಷೆ ಅಲ್ವಾ? ಇದು ಐಇಎಲ್‌ಟಿಎಸ್.

ಮೆಲ್ಬರ್ನ್ ಮಾವ: ಇಂಗ್ಲಿಷ್ ಇಂಗ್ಲಿಷೇ. ಕಾನ್ವೆಂಟ್‌ನಲ್ಲಿ ಓದಿದ್ದರೆ ಈ ಪಾಡು ಇರುತ್ತಿರಲಿಲ್ಲ.

ಗದಗ ಗೆಳೆಯ: ಓಹೋ. ನಮ್ಮಕ್ಕ ಸರ್ಕಾರಿ ಶಾಲೆ, ಕನ್ನಡ ಮೀಡಿಯಂ. ಲಿಸನಿಂಗ್ 8 ತಗೊಂಡಳು. ನಿಮ್ಮದೆಷ್ಟು ಮಾವ?

ಮೆಲ್ಬರ್ನ್ ಮಾವ: ವಿಷಯಕ್ಕೆ ಬನ್ನಿ.

ತುಮಕೂರು ಎಕ್ಸ್‌ಪ್ರೆಸ್: ಹೇಳಲ್ಲ ಅಂದ್ರೆ ಗೊತ್ತಾಯ್ತು ಬಿಡಿ 😂

ಕೊಡಗು ಕಾಫಿ: ಹೆಸರು ಸ್ಪೆಲ್ ಮಾಡುವಾಗ ತಪ್ಪುತ್ತೆ ಸಾರ್. ಆಸ್ಟ್ರೇಲಿಯಾದವರು 'ಎ' ಅಂದರೋ 'ಐ' ಅಂದರೋ?

ಮೇಷ್ಟ್ರು: ಒಳ್ಳೆ ಪ್ರಶ್ನೆ. ಅವರ ಬಾಯಲ್ಲಿ 'ಎ' ನಮಗೆ 'ಐ' ಥರ ಕೇಳುತ್ತದೆ. ಬ್ರಿಟಿಷರ 'ಆರ್' ಬರೀ 'ಆ'. 'ಡಬಲ್ ಎಲ್' ಅಂದರೆ ಎರಡು ಎಲ್ ಬರೆಯಿರಿ, 'ಡಬ್ಲ್ಯೂ' ಅಂತ ಬರೆದ ಹುಡುಗನೊಬ್ಬ ನನ್ನ ಕ್ಲಾಸಲ್ಲಿದ್ದ. ಫೋನ್ ನಂಬರ್‌ನಲ್ಲಿ 'ಓ' ಅಂದರೆ ಸೊನ್ನೆ.

ಬಳ್ಳಾರಿ ಬಿಸಿಲು: ಲಿಸನಿಂಗ್ ಒಂದನ್ನೇ ಮತ್ತೆ ಬರೆದರೆ ನರ್ಸಿಂಗ್ ಕೌನ್ಸಿಲ್ ಒಪ್ಪುತ್ತಾ?

ತುಮಕೂರು ಎಕ್ಸ್‌ಪ್ರೆಸ್: ಸಾರ್, ಟೆಲಿಗ್ರಾಂನಲ್ಲಿ ಒಬ್ಬ 30 ಸಾವಿರಕ್ಕೆ ಪೇಪರ್ ಮೊದಲೇ ಕೊಡ್ತಾನಂತೆ. ನಿಜವಾ?

ಮೇಷ್ಟ್ರು: ಬಹುಮಟ್ಟಿಗೆ ದುಡ್ಡು ತಗೊಂಡು ಬ್ಲಾಕ್ ಮಾಡುತ್ತಾನೆ. ಅಕಸ್ಮಾತ್ ನಿಜವಾದರೆ ಇನ್ನೂ ಕೆಟ್ಟದ್ದು, ಸಿಕ್ಕಿಬಿದ್ದರೆ ರಿಸಲ್ಟೇ ರದ್ದಾಗಬಹುದು. ಫಾರ್ವರ್ಡ್ ಬೇಡ ಅಂದೆ, ಈಗ ಇದಾ? ಇನ್ನೊಂದು ಸಲ ಆದರೆ ಗ್ರೂಪ್‌ನಿಂದ ತೆಗೆಯುತ್ತೇನೆ.

ತುಮಕೂರು ಎಕ್ಸ್‌ಪ್ರೆಸ್: ಕೇಳಿದ್ದೇ ತಪ್ಪಾ?

ಕೊಡಗು ಕಾಫಿ: ತಪ್ಪು. ಸುಮ್ನಿರಿ.

ರಾಯಚೂರು ರೊಟ್ಟಿ: ಸಾರ್, ಕೊನೆಗೆ ಬರೆದುಕೊಳ್ಳಲು ಟೈಮ್ ಇದೆಯಾ?

ಮೇಷ್ಟ್ರು: ಮೇಲೆ ಓದಿ.

ಹಾಸನದ ನರ್ಸ್: ಸಾರ್, ಡ್ಯೂಟಿ ಮುಗಿಸಿ ಬಂದು ಇನ್ನೊಂದು ಟೆಸ್ಟ್ ಮಾಡಿದೆ. 'ಎಸ್' ಒಂದೂ ತಪ್ಪಿಲ್ಲ! 34 ಹೋಯಿತು, ಬಿಟ್ಟೆ, 35 ಸಿಕ್ಕಿತು. ಆದರೆ ಅಕಾಮಡೇಶನ್‌ಗೆ ಒಂದೇ ಎಂ ಹಾಕಿದೆ. 29.

ಮೇಷ್ಟ್ರು: ಎರಡು ಸಿ, ಎರಡು ಎಂ. ಮಲಗುವ ಮುಂಚೆ ಹತ್ತು ಸಲ ಬರೆಯಿರಿ ಸಿಸ್ಟರ್.

ಬಳ್ಳಾರಿ ಬಿಸಿಲು: ಸಾರ್, ನನ್ನದು?

ರಾಯಚೂರು ರೊಟ್ಟಿ: ಮೇಲೆ ಅಂದ್ರೆ ಎಲ್ಲಿ ಸಾರ್?