ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹೃದಯದ ಕಾಳಜಿ: ಯಾವುದರಿಂದ ಆರಂಭಿಸಬೇಕು?

ಪ್ರಶ್ನೆ
ನನಗೀಗ 47 ವರ್ಷ. ಮುಟ್ಟು ಏರುಪೇರಾಗತೊಡಗಿ ಒಂದು ವರ್ಷವಾಯಿತು. ತಾಯಿಗೆ 61ನೇ ವಯಸ್ಸಿನಲ್ಲಿ ಹೃದಯಾಘಾತವಾಗಿತ್ತು; ಎದೆನೋವಿಲ್ಲದೆ ಆಯಾಸ, ಓಕರಿಕೆ ಮತ್ತು ದವಡೆ ನೋವಷ್ಟೇ ಕಾಣಿಸಿಕೊಂಡಿದ್ದರಿಂದ ಅಜೀರ್ಣವಿರಬೇಕೆಂದು ನಾವು ಅರ್ಧ ದಿನ ಸುಮ್ಮನಿದ್ದೆವು. ನಾನು ಧೂಮಪಾನ ಮಾಡುವುದಿಲ್ಲ, ದಿನವೂ ಅರ್ಧ ಗಂಟೆ ನಡೆಯುತ್ತೇನೆ. ಆದರೂ ಹೊಟ್ಟೆಯ ಸುತ್ತಳತೆ ಹೆಚ್ಚುತ್ತಿದೆ, ರಾತ್ರಿ ಐದು ಗಂಟೆಗಿಂತ ಹೆಚ್ಚು ನಿದ್ರೆ ಬರುವುದಿಲ್ಲ. ಎಲ್ಲವನ್ನೂ ಒಮ್ಮೆಲೇ ಬದಲಾಯಿಸಲು ಹೊರಟರೆ ಎರಡೇ ವಾರದಲ್ಲಿ ಕೈಬಿಡುವವಳು ನಾನು. ಮೊದಲು ಯಾವುದಕ್ಕೆ ಕೈಹಾಕಲಿ?

ಉತ್ತರ 1
ಏನನ್ನಾದರೂ ಬದಲಾಯಿಸುವ ಮೊದಲು ರಕ್ತದೊತ್ತಡ, ಸಕ್ಕರೆ ಮತ್ತು ಕೊಲೆಸ್ಟ್ರಾಲ್ ಎಷ್ಟಿವೆಯೆಂದು ತಿಳಿದುಕೊಳ್ಳಿ. ಸ್ತ್ರೀ ಹಾರ್ಮೋನ್ ಈಸ್ಟ್ರೋಜನ್ ಇಳಿಯುವ ಈ ವರ್ಷಗಳಲ್ಲಿ ‘ಕೆಟ್ಟ’ ಕೊಲೆಸ್ಟ್ರಾಲ್ ಆದ ಎಲ್‌ಡಿಎಲ್ ಏರುವುದು ಸಾಮಾನ್ಯವಾದ್ದರಿಂದ ಹಳೆಯ ವರದಿಯನ್ನು ನಂಬಿ ಕೂರುವಂತಿಲ್ಲ. ತಾಯಿಗೆ ಅಥವಾ ಸಹೋದರಿಗೆ 65 ತುಂಬುವ ಮೊದಲೇ ಹೃದ್ರೋಗ ಬಂದಿದ್ದರೆ ವೈದ್ಯರು ಅದನ್ನು ಅಪಾಯದ ಲೆಕ್ಕಕ್ಕೆ ಸೇರಿಸುತ್ತಾರೆ, ಆದ್ದರಿಂದ ತಪ್ಪದೆ ಹೇಳಿ.

ನೀವು ಬರೆಯದೆ ಬಿಟ್ಟಿರುವ ಒಂದು ಸಂಗತಿಯನ್ನು ಕೇಳಬೇಕಾಗಿದೆ: ಬಸಿರಿನಲ್ಲಿ ರಕ್ತದೊತ್ತಡವೋ ಸಕ್ಕರೆಯೋ ಏರಿತ್ತೇ? ಹೆರಿಗೆಯೊಂದಿಗೆ ಮುಗಿದುಹೋಯಿತೆಂದು ಹೆಚ್ಚಿನವರು ಮರೆಯುವ ವಿಷಯವಿದು. ಆದರೆ ಪ್ರಿಎಕ್ಲಾಂಪ್ಸಿಯಾ (ಬಸಿರಿನಲ್ಲಿ ರಕ್ತದೊತ್ತಡ ಏರಿ ಇತರ ಅಂಗಗಳಿಗೂ ತೊಂದರೆಯಾಗುವ ಸ್ಥಿತಿ) ಆಗಿದ್ದವರಲ್ಲಿ ಮುಂದೆ ಹೃದ್ರೋಗದ ಸಾಧ್ಯತೆ ಸುಮಾರು ಎರಡು ಪಟ್ಟು.

ಉತ್ತರ 2
ನಿಮ್ಮ ನಡಿಗೆಯನ್ನು ಬಿಡಬೇಡಿ, ಆದರೆ ಅದರ ವೇಗವನ್ನು ಪರೀಕ್ಷಿಸಿ. ಮಾತನಾಡಲು ಸಾಧ್ಯವಾಗಬೇಕು, ಹಾಡಲು ಆಗಬಾರದು. ಅಷ್ಟು ಬಿರುಸಿದ್ದರೆ ಮಾತ್ರ ಅದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರಕ್ಕೆ 150ರಿಂದ 300 ನಿಮಿಷಗಳ ಲೆಕ್ಕಕ್ಕೆ ಸೇರುತ್ತದೆ. ಅದೇ ಸಲಹೆಯ ಇನ್ನೊಂದು ಭಾಗವನ್ನು, ಅಂದರೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಶ್ರಮ ಕೊಡಬೇಕೆಂಬುದನ್ನು, ನಾವು ಹೆಂಗಸರು ಕೇಳಿಸಿಕೊಳ್ಳುವುದೇ ಇಲ್ಲ. ವಯಸ್ಸಾದಂತೆ ಸ್ನಾಯು ಕರಗಿ ಹೊಟ್ಟೆಯೊಳಗೆ ಕೊಬ್ಬು ಶೇಖರವಾಗುವಾಗ ನಡಿಗೆಯೊಂದೇ ಸಾಲದು. ಕುರ್ಚಿಯಿಂದ ಕೈಯೂರದೆ ಹತ್ತಾರು ಬಾರಿ ಎದ್ದು ಕೂರುವುದರಿಂದಲೂ ಆರಂಭಿಸಬಹುದು.

ಊಟದಲ್ಲಿ ಒಂದನ್ನೇ ಆರಿಸುವುದಾದರೆ ನಾನು ಉಪ್ಪನ್ನು ಆರಿಸುತ್ತೇನೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ. ಪೊಟ್ಟಣದ ತಿನಿಸುಗಳಲ್ಲಿ ಅಡಗಿರುವುದೂ ಇದರಲ್ಲೇ ಸೇರಬೇಕು.

ಉತ್ತರ 3
ಹಾರ್ಮೋನ್ ಮಾತ್ರೆ ತೆಗೆದುಕೊಂಡರೆ ಹೃದಯಕ್ಕೂ ರಕ್ಷಣೆ ಸಿಗುತ್ತದೆಯೆಂದು ಕೇಳಿದ್ದೇನೆ. ಇಷ್ಟೆಲ್ಲ ಶ್ರಮದ ಬದಲು ಅದನ್ನೇ ಕೇಳಬಾರದೇ?

ಉತ್ತರ 1 ಬರೆದವರು
ಆ ನಂಬಿಕೆ ಒಂದು ಕಾಲದಲ್ಲಿ ವೈದ್ಯರಲ್ಲೂ ಇತ್ತು. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅಧ್ಯಯನದ ಫಲಿತಾಂಶ 2002ರಲ್ಲಿ ಹೊರಬಂದಾಗ, ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎಂಬ ಎರಡು ಹಾರ್ಮೋನುಗಳನ್ನೂ ಸೇರಿಸಿ ಕೊಡುವ ಚಿಕಿತ್ಸೆ ಹೃದಯವನ್ನು ಕಾಪಾಡಲಿಲ್ಲವೆಂದು ಸ್ಪಷ್ಟವಾಯಿತು. ಮೈ ಬಿಸಿಯೇರಿ ಬೆವರಿ ನಿದ್ರೆ ಕೆಡುವವರಿಗೆ ಅದು ಉಪಯುಕ್ತವಾಗಬಹುದು. ಹೃದ್ರೋಗ ತಡೆಯಲೆಂದೇ ಅದನ್ನು ಆರಂಭಿಸುವುದು ಸರಿಯಲ್ಲ. ಐದೇ ಗಂಟೆಯ ನಿದ್ರೆಯನ್ನು ಮಾತ್ರ ಹಗುರವಾಗಿ ನೋಡಬೇಡಿ. ಮುಟ್ಟು ನಿಂತ ಮೇಲೆ ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ಹೆಚ್ಚಾಗುವುದರಿಂದ, ಗೊರಕೆಯಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ.

ಪ್ರಶ್ನೆ ಕೇಳಿದವರು
ಎರಡನೆಯ ಬಸಿರಿನ ಕೊನೆಯಲ್ಲಿ ನನಗೆ ರಕ್ತದೊತ್ತಡ ಏರಿ ಬೇಗನೆ ಹೆರಿಗೆ ಮಾಡಿಸಿದ್ದರು. ಹದಿನೆಂಟು ವರ್ಷಗಳಲ್ಲಿ ಯಾವ ವೈದ್ಯರೂ ಅದನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇಂದು ಅಳೆದಾಗ 138/88 ಬಂದಿದೆ.

ಉತ್ತರ 1 ಬರೆದವರು
ಒಂದೇ ಅಳತೆಯಿಂದ ತೀರ್ಮಾನಕ್ಕೆ ಬರಬೇಡಿ. ಐದು ನಿಮಿಷ ಸುಮ್ಮನೆ ಕುಳಿತು, ತೋಳನ್ನು ಎದೆಯ ಮಟ್ಟದಲ್ಲಿಟ್ಟು, ಒಂದು ವಾರ ಬೆಳಿಗ್ಗೆ ಸಂಜೆ ಅಳೆದು ಬರೆದಿಡಿ. ಆ ಹಾಳೆಯನ್ನೂ ಬಸಿರಿನ ಈ ವಿವರವನ್ನೂ ವೈದ್ಯರ ಮುಂದಿಡಿ.